ಬೆಟ್ಟಕ್ಕೆ ಯಾವ ಚಾಕು? ಚಳಿಗಾಲದ ಒಂದು ದಿನ ಮೂರನ್ನೂ ಒಯ್ದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದು ನಮ್ಮೂರ ಆಚಾರಿ ಹಳೇ ಗರಗಸದ ತುಂಡಿನಿಂದ ಮಾಡಿಕೊಟ್ಟ ಚಾಕು. ಅದನ್ನು ಮಾಡಿಸುವ ಮೊದಲು ಬೇರೆ ಒಂದಕ್ಕೆ ದುಡ್ಡು ಹಾಕಿ ಕಳೆದುಕೊಂಡಿದ್ದೆ. ಇನ್ಯಾರೂ ಹಾಗೆ ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರ ತಾಲೂಕು. ಕೆಳಗೆ ಅಡಿಕೆ ತೋಟ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಜಾಗ ಸರ್ಕಾರದ್ದು. ಸೊಪ್ಪು, ತರಗೆಲೆ, ಒಣ ಕಟ್ಟಿಗೆ ತರುವ ಸವಲತ್ತು ಮಾತ್ರ ನಮ್ಮದು. ಹಾಗಾಗಿ ಬೆಟ್ಟಕ್ಕೆ ಹೋಗುವುದು ಅಂದರೆ ನಮಗೆ ಕೆಲಸ. ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಅದಿಲ್ಲದೆ ಇಲ್ಲಿ ಯಾರೂ ಬೆಟ್ಟ ಹತ್ತುವುದಿಲ್ಲ.

ಕತ್ತಿ ಇದ್ದ ಮೇಲೆ ಚಾಕು ಯಾಕೆ ಅಂತ ಕೇಳಬಹುದು. ಕೊಂಬೆ ಕಡಿಯಲು ಕತ್ತಿ ಸರಿ. ಬಳ್ಳಿ ಸೀಳಲು, ಅಡಿಕೆ ಹಾಳೆ ಕತ್ತರಿಸಲು, ನೀರಿನ ಪೈಪಿನ ತುದಿ ಕೆರೆಯಲು, ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು ಅದು ದೊಡ್ಡದಾಯಿತು. ಮಡಚುವ ಚಾಕು ಇಟ್ಟು ನೋಡಿದ್ದೇನೆ. ಸಂದಿಯಲ್ಲಿ ಮಣ್ಣು, ಹಲಸಿನ ಅಂಟು ಸೇರಿ ಎರಡು ಮಳೆಗಾಲದಲ್ಲಿ ಬಿಗಿದುಕೊಳ್ಳುತ್ತದೆ. ಅದಕ್ಕೇ ಮಡಚದ, ಒರೆಯಲ್ಲಿ ಇಡುವ ಚಾಕುವೇ ಬೇಕು.

ಒಂದನೆಯದು ನಾನು ಆನ್‌ಲೈನಿನಲ್ಲಿ 1400 ರೂಪಾಯಿ ಕೊಟ್ಟು ತರಿಸಿದ್ದು. ಹೆಸರು ಬೇಡ. ಬೆನ್ನು 5 ಮಿಲಿಮೀಟರ್ ದಪ್ಪ, ಅದರ ಮೇಲೆ ಗರಗಸದ ಹಲ್ಲು, ಅಲಗಿಗೆ ಕಪ್ಪು ಬಣ್ಣ, ಹಿಡಿಗೆ ಪಾಚಿ ಹಸಿರು. ಎರಡನೆಯದು ಭಾವನವರ ಮೋರಾ ಕಂಪ್ಯಾನಿಯನ್. ಸ್ವೀಡನ್ನಿನ ಡಾಲರ್ನಾ ಪ್ರಾಂತದ ಮೋರಾ ಎಂಬ ಊರಿನದು, ಕಂಪನಿಯ ಬೇರು 1891ರದು. ತುಕ್ಕು ಹಿಡಿಯದ ಉಕ್ಕು, ದಪ್ಪ ಎರಡೂವರೆ ಮಿಲಿಮೀಟರ್. ಮೂರನೆಯದು ಆಚಾರಿಯದು.

ಹೋದದ್ದು ಜನವರಿ ಮೊದಲ ವಾರ. ಅಡಿಕೆ ಕೊಯ್ಲು ನಡೆದಿತ್ತು. ಆ ದಿನ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರಲಿಲ್ಲ, ಕೆಲಸ ನಿಂತಿತು. ಭಾವನವರೂ ಮನೆಗೆ ಬಂದಿದ್ದರು. "ಬನ್ನಿ ಭಾವ, ತರಗೆಲೆ ಒಟ್ಟು ಮಾಡಿ ಬರುವ, ಚಾಕುನೂ ನೋಡಿದ ಹಾಗಾಯ್ತು" ಅಂದೆ. ಬೆಳಿಗ್ಗೆ ಎಂಟಾದರೂ ಮರದಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು.

ಚಳಿಗಾಲ ಶುರುವಾದರೆ ನಮ್ಮ ಕಡೆ ಮಂಗನ ಕಾಯಿಲೆಯ ಭಯವೂ ಶುರು. ಅದು ಮೊದಲು ಕಾಣಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಮೈಗೆ ಹತ್ತಿ ರಕ್ತ ಹೀರುವ ಉಣುಗಿನಿಂದ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೊರಡಬೇಕು. ಈ ಎಣ್ಣೆ ಕೈಯಲ್ಲಿ ಚಾಕು ಹೇಗೆ ನಿಲ್ಲುತ್ತದೆ ಎಂಬುದು ನಮಗೆ ದೊಡ್ಡ ಪ್ರಶ್ನೆ. ಇದರಲ್ಲಿ ಮೋರಾ ಗೆದ್ದಿತು. ಅದರ ಹಿಡಿ ರಬ್ಬರಿನ ಹಾಗಿದೆ, ಎಣ್ಣೆ ಕೈಗೂ ಅಂಟಿಕೊಂಡು ಕೂರುತ್ತದೆ. ಆಚಾರಿಯ ಚಾಕುವಿಗೆ ಜಂಬೆ ಮರದ ಹಿಡಿ. ಸ್ವಲ್ಪ ಜಾರುತ್ತಿತ್ತು, ಹತ್ತಿ ದಾರ ಸುತ್ತಿದ ಮೇಲೆ ಸರಿಯಾಯಿತು.

ಮೊದಲ ಕೆಲಸ ಬೆಂಕಿ. ತರಗೆಲೆ ಇರುವಲ್ಲಿ ಬೆಂಕಿ ಹಾಕುವುದು ತಪ್ಪು, ಹಳ್ಳದ ಬಂಡೆ ಮೇಲೆ ಮಾತ್ರ ಹಾಕಿದೆವು. ಕಟ್ಟಿಗೆಯ ಮೇಲ್ಮೈ ಪೂರಾ ಒದ್ದೆ. ಒಳಗಿನ ಒಣ ಭಾಗವನ್ನು ತೆಳ್ಳಗೆ, ಸುರುಳಿ ಸುರುಳಿಯಾಗಿ ಕೆರೆಯಬೇಕು. ಆಗಲೇ ದಪ್ಪ ಚಾಕುವಿನ ಬಂಡವಾಳ ಗೊತ್ತಾಯಿತು. ಅದು ಮರದೊಳಗೆ ಇಳಿದು ನಿಲ್ಲುತ್ತದೆ, ಇಲ್ಲವೇ ಮೇಲಕ್ಕೆ ಹಾರುತ್ತದೆ. ಸುರುಳಿ ಬರುವುದಿಲ್ಲ, ಚೂರು ಹಾರುತ್ತದೆ. ತೆಳ್ಳಗಿನ ಎರಡೂ ಚಾಕು ಸೌತೆಕಾಯಿ ಸಿಪ್ಪೆ ತೆಗೆದ ಹಾಗೆ ಹೋದವು. ಹತ್ತು ನಿಮಿಷದಲ್ಲಿ ಕಷಾಯ ಕುದಿಯಿತು.

ಅಡಿಕೆ ಹಾಳೆ ಕತ್ತರಿಸುವುದರಲ್ಲೂ ಅದೇ ಕಥೆ. ಓಟೆ ಬಿದಿರು ಸೀಳುವುದರಲ್ಲಿ ಮೂರೂ ಸಮ. ದಪ್ಪ ಚಾಕು ಒಂದೇ ಕಡೆ ಮುಂದೆ ಬಂತು. ಬೆನ್ನಿಗೆ ಬಡಿಗೆಯಿಂದ ಹೊಡೆದು ಕಟ್ಟಿಗೆ ಸೀಳಿದೆವು, ಚೆನ್ನಾಗಿ ಸೀಳಿತು. ಆದರೆ ಕೊಕ್ಕೆಯಲ್ಲಿ ಕತ್ತಿ ಇರುವಾಗ ಆ ಕೆಲಸಕ್ಕೆ ಚಾಕು ಯಾಕೆ ಬೇಕು?

ಈಗ ಒರೆಯ ವಿಷಯ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದರ ಮೇಲೆ. ದಪ್ಪ ಚಾಕುವಿನ ಜೊತೆ ನೈಲಾನ್ ಒರೆ ಬಂದಿತ್ತು. ಹಿಡಿ ಜಾರದ ಹಾಗೆ ಒಂದು ಪಟ್ಟಿ, ಪಟ್ಟಿಗೆ ಒತ್ತುವ ಗುಂಡಿ. ನೋಡಲು ಗಟ್ಟಿ. ಆದರೆ ಗುಂಡಿ ಬಿಚ್ಚಿದ ಮೇಲೂ ಆ ಪಟ್ಟಿ ಅಲಗಿನ ದಾರಿಯಲ್ಲೇ ಬಾಗಿ ನಿಲ್ಲುತ್ತದೆ. ಚಾಕು ಎಳೆದಾಗ ಒಮ್ಮೆ, ಒಳಗೆ ತುರುಕುವಾಗ ಒಮ್ಮೆ ಅಲಗಿನ ಹರಿತವಾದ ಬಾಯಿ ಅದಕ್ಕೆ ತಾಗುತ್ತದೆ. ದಿನಕ್ಕೆ ಹತ್ತು ಸಲ ತೆಗೆದು ಹಾಕುವವರಿಗೆ ಎಷ್ಟು ದಿನ ಬಾಳಬೇಕು? ಎರಡೇ ತಿಂಗಳಲ್ಲಿ ಅರ್ಧ ಕೊಯ್ದುಹೋಗಿತ್ತು. ಮಾರಿದವರಿಗೆ ಫೋಟೊ ಕಳಿಸಿದೆ. ವಾಪಸ್ ಮಾಡುವ ಅವಧಿ ಮುಗಿದಿದೆ ಎಂಬ ಉತ್ತರ ಬಂತು, ಅಷ್ಟೇ.

ಉಳಿದ ಅರ್ಧ ಕೊಯ್ದದ್ದು ಆ ದಿನ. ತರಗೆಲೆ ಹೊರೆಗೆ ಬಳ್ಳಿ ಬಿಗಿಯಲು ಬಗ್ಗಿದ್ದೆ, ಯಾವಾಗ ಜಾರಿತೋ ತಿಳಿಯಲಿಲ್ಲ. ಹತ್ತು ಮಾರು ಮುಂದೆ ಹೋಗಿ ಸೊಂಟಕ್ಕೆ ಕೈ ಹಾಕಿದರೆ ಖಾಲಿ ಒರೆ. ಕಪ್ಪು ಅಲಗು, ಹಸಿರು ಹಿಡಿ. ಮೊಣಕಾಲು ಮಟ್ಟ ತರಗೆಲೆ. ಕಾಡಿನಲ್ಲಿ ಕಾಣಿಸಬಾರದು ಎಂದೇ ಬಳಿದ ಬಣ್ಣ ಅದು. ಕಾಡಿನಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ಅದಕ್ಕೆ ಪೂರಾ ಉಲ್ಟಾ ಅಲ್ವಾ?

ಒಂದೂವರೆ ಗಂಟೆ ಹುಡುಕಿದೆವು. ಕೈಯಿಂದ ತರಗೆಲೆ ಕೆದಕುವ ಹಾಗಿಲ್ಲ, ಉಣುಗು ಇರುವುದೇ ಅಲ್ಲಿ. ಕೋಲಿನಿಂದ ಒಂದೊಂದೇ ಪದರ ಸರಿಸಿ ನೋಡಿದೆವು. ಬಿಟ್ಟು ಹೋಗೋಣ ಅಂದರೆ ಅದೂ ಆಗದು. ಮರುದಿನ ಬೆಟ್ಟಕ್ಕೆ ಬರುವ ಹೆಂಗಸರು ಬರಿಗಾಲಲ್ಲಿ ಇರುತ್ತಾರೆ. ಕೊನೆಗೆ ಸಿಕ್ಕಿದ್ದು ಭಾವನವರ ಕೋಲಿಗೆ. ಮೊನೆ ಮೇಲಾಗಿ, ಎರಡು ಬೇರಿನ ನಡುವೆ ನಿಂತಿತ್ತು. ಅದನ್ನು ಕಂಡು ನನ್ನ ಮೈ ಜುಮ್ಮೆಂದಿತು. ಯಾರ ಕಾಲಿಗಾದರೂ ಹೊಕ್ಕಿದ್ದರೆ?

ಮೋರಾಕ್ಕೆ ಪ್ಲಾಸ್ಟಿಕ್ ಒರೆ. ಒತ್ತಿದರೆ ಟಕ್ ಎಂದು ಕೂರುತ್ತದೆ, ಪಟ್ಟಿಯ ಗೋಜೇ ಇಲ್ಲ. ಭಾವನವರದಕ್ಕೆ ಕಿತ್ತಳೆ ಬಣ್ಣದ ಹಿಡಿ, ಇಪ್ಪತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಅದರ ಒರೆ ಬೆಲ್ಟಿಗೆ ಸಿಕ್ಕಿಸುವಂಥದ್ದು. ನಾನು ಉಡುವುದು ಲುಂಗಿ.

ಆಚಾರಿ ಒರೆ ಕೊಡುವುದಿಲ್ಲ, ನಾನೇ ಮಾಡಿಕೊಂಡೆ. ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡನ್ನು ದೂರದ ಶಾಖದಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆ ನಡುವೆ ಒತ್ತಿದರೆ ಚಪ್ಪಟೆಯಾಗುತ್ತದೆ. ಇನ್ನೊಮ್ಮೆ ಬಿಸಿ ಮಾಡಿ ಚಾಕುವನ್ನು ಒಳಗಿಟ್ಟು ಒತ್ತಿದರೆ ಅದರ ಅಳತೆಗೇ ಕೂರುತ್ತದೆ. ಇದನ್ನು ಅಂಗಳದಲ್ಲಿ ಮಾಡಿ, ಹೊಗೆ ಒಳ್ಳೆಯದಲ್ಲ. ತುದಿಯಲ್ಲಿ ನೀರು ಇಳಿಯಲು ಒಂದು ತೂತು, ಮೇಲೆ ದಾರಕ್ಕೆ ಎರಡು ತೂತು. ದಾರವನ್ನು ಕೊಕ್ಕೆಯ ಹಗ್ಗಕ್ಕೇ ಕಟ್ಟುತ್ತೇನೆ. ಇನ್ನೂವರೆಗೆ ಒಮ್ಮೆಯೂ ಜಾರಿಲ್ಲ.

ಅಲಗಿನ ಬಗ್ಗೆ ಒಂದು ಮಾತು. ಹಳೇ ಮರದ ಮಿಲ್ಲಿನ ದುಂಡು ಗರಗಸ ಸಿಕ್ಕರೆ ಬಿಡಬೇಡಿ. ಹಲ್ಲಿಗೆ ಬೇರೆ ಲೋಹ ಬೆಸೆದ ಈಗಿನ ಗರಗಸ ಬೇಡ, ಅದರ ತಟ್ಟೆ ಮೆತ್ತಗೆ. ಹಲ್ಲೂ ತಟ್ಟೆಯೂ ಒಂದೇ ಉಕ್ಕಿನದಾಗಿರಬೇಕು. ಅದಕ್ಕೆ ಆಗಲೇ ಹದ, ಅಂದರೆ ಕಾಯಿಸಿ ತಣಿಸಿ ಕೊಟ್ಟ ಗಟ್ಟಿತನ, ಇರುತ್ತದೆ. ಕುಲುಮೆಗೆ ಹಾಕಿದರೆ ಹದ ಹೋಗುತ್ತದೆ, ಮತ್ತೆ ಕೊಡಬೇಕು. ನಮ್ಮ ಆಚಾರಿ ಬೆಂಕಿಗೆ ಹಾಕಲೇ ಇಲ್ಲ. ಗ್ರೈಂಡರಿನಲ್ಲಿ ಕತ್ತರಿಸಿ, ಘಳಿಗೆಗೊಮ್ಮೆ ನೀರಿಗೆ ಅದ್ದಿ ಅದ್ದಿ ಬಾಯಿ ತೆಗೆದರು. ಮಜೂರಿ 300 ರೂಪಾಯಿ. ತುಂಡು ನನ್ನದೇ.

ಇದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಹಳ್ಳದ ಹತ್ತಿರ ಕಾಡು ನೆಲ್ಲಿ ಸಿಕ್ಕಿತು. ಮೋರಾದಲ್ಲಿ ಕೊಯ್ದ ಹೋಳು ಬೆಳ್ಳಗೇ ಉಳಿಯಿತು. ನನ್ನದರಲ್ಲಿ ಕೊಯ್ದದ್ದು ನೋಡನೋಡುತ್ತ ಶಾಯಿ ಬಿದ್ದ ಹಾಗೆ ಕಪ್ಪಾಯಿತು. ನೆಲ್ಲಿಯ ಒಗರಿಗೂ ಕಬ್ಬಿಣಕ್ಕೂ ಅಂಥ ನಂಟು. ತಿಂದರೆ ಕಬ್ಬಿಣದ ರುಚಿ. ಒರೆಸದೆ ರಾತ್ರಿ ಜಗುಲಿಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಕೊಬ್ಬರಿ ಎಣ್ಣೆ ಒಂದು ಹನಿ ಸವರಿ ಇಡಬೇಕು.

ಮಸೆಯುವುದು ಸುಲಭ. ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುತ್ತೇವಲ್ಲ, ಅದರಲ್ಲೇ ಇದೂ ಆಗುತ್ತದೆ. ಕೊನೆಗೆ ನುಣ್ಣನೆಯ ಕಲ್ಲಿಗೆ ನಾಲ್ಕು ಸಲ ಎಳೆದರೆ ಸಾಕು.

ನಾನು ದಿನಾ ಬೆಟ್ಟ, ತೋಟ ತಿರುಗುವವನು. ಸಂಜೆ ಕತ್ತಿ ಒರೆಸುವಾಗ ಚಾಕುವನ್ನೂ ಒರೆಸುತ್ತೇನೆ, ಹಾಗಾಗಿ ತುಕ್ಕು ನನಗೆ ತೊಂದರೆಯಲ್ಲ. ಹೋದರೂ ಇನ್ನೊಂದು ಮಾಡಿಸಬಹುದು, ಗರಗಸದ ತಟ್ಟೆ ಇನ್ನೂ ಮುಕ್ಕಾಲು ಉಳಿದಿದೆ. ಭಾವನವರು ಬೆಂಗಳೂರಿನವರು. ತಿಂಗಳುಗಟ್ಟಲೆ ಚಾಕುವನ್ನು ಬ್ಯಾಗಿನಲ್ಲೇ ಬಿಡುವವರು. ಅಂಥವರು ಎರಡು ಸಾವಿರದ ಆಸುಪಾಸು ಕೊಟ್ಟು ಮೋರಾ ತೆಗೆದುಕೊಳ್ಳಲಿ, ನಷ್ಟವಿಲ್ಲ. ದಪ್ಪನೆಯದನ್ನು ಮಾತ್ರ ಯಾರೂ ಕೊಳ್ಳಬೇಡಿ.

ಒಂದು ಪಾಠ ಮೋರಾದಿಂದ ಕಲಿತೆ. ಮರುದಿನವೇ ಪೇಟೆಯಿಂದ ಕೆಂಪು ಪೇಂಟಿನ ಸಣ್ಣ ಡಬ್ಬಿ ತಂದು, ಹಿಡಿಯ ದಾರ ಬಿಚ್ಚಿ, ಎರಡು ಕೋಟ್ ಬಳಿದೆ. ಒಣಗಿದ ಮೇಲೆ ಮತ್ತೆ ಕೆಂಪು ದಾರವನ್ನೇ ಸುತ್ತಿದ್ದೇನೆ.