ಒಕ್ಕಲಿನ ಅಡಿಗೆಗೆ ಬಂದವರು ಮೊದಲು ಬಾವಿ ಕೇಳಿದರು

ಮನೆ ಒಕ್ಕಲಿಗೆ ಇನ್ನೂ ಹದಿನೈದು ದಿನ ಇರುವಾಗ ಅಡಿಗೆ ಭಟ್ಟರು ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಹೊಸ ಮನೆಗೆ ಬಂದರು. ಪಾಯಸ ಒಂದೋ ಎರಡೋ ಎಂದು ಕೇಳುತ್ತಾರೆಂದು ನಾನು ಚೀಟಿ ಹಿಡಿದು ಕೂತಿದ್ದೆ. ಅವರು ಕೇಳಿದ್ದು, "ಬಾವಿ ಎಲ್ಲಿ ಉಂಟು ಮಾಷ್ಟ್ರೇ? ಕಕ್ಕಸಿನ ಗುಂಡಿ ಅದರಿಂದ ಎಷ್ಟು ದೂರ?" ಕೇರಳದ ಕಟ್ಟಡ ನಿಯಮದ ಪ್ರಕಾರ 7.5 ಮೀಟರ್ ಬೇಕು, ನಮ್ಮ ನಕ್ಷೆಯಲ್ಲೂ ಹಾಗೆಯೇ ಉಂಟು ಎಂದೆ. ಅವರು ನಕ್ಷೆ ನೋಡಲಿಲ್ಲ. ಹೆಜ್ಜೆ ಹಾಕಿ ಅಳೆದರು.

ನನಗೆ ಆಗಲೇ ಅರ್ಧ ಸಮಾಧಾನವಾಯಿತು. ಯಾಕೆಂದರೆ ಎರಡು ವರ್ಷದ ಹಿಂದೆ ಸಂಬಂಧಿಕರ ಮನೆಯ ಉಪನಯನದಲ್ಲಿ ಗೇಟಿನ ಹತ್ತಿರವೇ ಕೊಟ್ಟ ಪುನರ್ಪುಳಿ ಶರಬತ್ತು ಎರಡು ಗ್ಲಾಸು ಕುಡಿದವ ನಾನು. ಬಣ್ಣ ಚಂದ, ರುಚಿ ಚಂದ, ನೀರು ಕುದಿಸಿದ್ದಲ್ಲ. ಸರಿಯಾಗಿ ನಾಲ್ಕು ವಾರಕ್ಕೆ ಕಣ್ಣು ಹಳದಿಯಾಯಿತು. ಈ ಹೆಪಟೈಟಿಸ್ ಎ ಕಾಮಾಲೆ ಒಳಗೆ ಹೋದ ಮೇಲೆ 15ರಿಂದ 50 ದಿನ ಸುಮ್ಮನಿರುತ್ತದೆ. ಅಷ್ಟರಲ್ಲಿ ಚಪ್ಪರ ಬಿಚ್ಚಿ, ಲೆಕ್ಕ ಚುಕ್ತಾ ಆಗಿ, ಅಡಿಗೆಯವರು ಬೇರೆ ಹತ್ತು ಮನೆಯಲ್ಲಿ ಉಣ್ಣಿಸಿ ಆಗಿರುತ್ತದೆ. ಯಾರನ್ನು ಕೇಳುವುದು? ನೆಲನೆಲ್ಲಿ ಕಷಾಯ ಕುಡಿಯುತ್ತಾ ಫೋನಿನಲ್ಲಿ ವಿಚಾರಿಸಿದಾಗ ಅದೇ ಊಟ ಉಂಡ ಹನ್ನೊಂದು ಜನ ಮಲಗಿದ್ದರು.

ಹಾಗಾಗಿ ಈ ಬರಹದಲ್ಲಿ ರುಚಿಯ ಮಾತು ಸ್ವಲ್ಪ ಕಡಿಮೆ. ಭಟ್ಟರ ಹೆಸರೂ ಇಲ್ಲ. "ತಿಂಗಳಿಗೆ ನಾಲ್ಕು ಜಂಬರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಹೆಸರು ಹಾಕಿ ಉಪದ್ರ ಮಾಡಬೇಡಿ" ಎಂದಿದ್ದಾರೆ. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆ ಬಾವಿ ಕೇಳುವ ಭಟ್ಟರೆಂದರೆ ಗೊತ್ತಾಗುತ್ತದೆ.

ಮುನ್ನಾದಿನ ಮಧ್ಯಾಹ್ನ ಬ್ಲೀಚಿಂಗ್ ಪೌಡರ್ ಹಾಕುವ ಕೆಲಸ. ಬಾವಿಯ ವ್ಯಾಸ 2 ಮೀಟರ್, ಎಪ್ರಿಲ್ ಆದ್ದರಿಂದ ನೀರು 2 ಮೀಟರ್ ಮಾತ್ರ. ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವನಿಗೆ ಇದು ಬಾಯಿಲೆಕ್ಕ, ಸುಮಾರು 6,300 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಅಂದರೆ 16 ಗ್ರಾಮಿಗೆ ಹತ್ತಿರ. ನಾನು ಹೇಳುವ ಮೊದಲೇ ಭಟ್ಟರು ಚಿನ್ನ ತೂಗುವಂಥ ಸಣ್ಣ ತಕ್ಕಡಿ ತೆಗೆದಿದ್ದರು. ಬಾಲ್ದಿಯಲ್ಲಿ ಕಲಸಿ, ಸುಣ್ಣ ಅಡಿಗಿಳಿದ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಾಲ್ದಿಗೆ ಬಗ್ಗಿಸಿ ಬಾವಿಗೆ ಇಳಿಸಿ ಕದಡಿದರು. ಇಷ್ಟಾದರೂ ಕುಡಿಯಲು ಕೊಟ್ಟದ್ದು ಪದಿಮುಗ ಎಂಬ ಮರದ ಚಕ್ಕೆ ಹಾಕಿ ಚೆನ್ನಾಗಿ ಕುದಿಸಿದ ಕೆಂಪು ನೀರು. ನನ್ನ ಭಾವ, ಬಿಸಿ ಜಾಸ್ತಿಯಾಯಿತೆಂದು ಎರಡು ಚೊಂಬು ತಣ್ಣೀರು ಸೇರಿಸಲು ಹೋದ. ಬಡಿಸುವ ಹುಡುಗನೇ ಅವನ ಕೈ ಹಿಡಿದ. ಹದಿನೆಂಟು ಹತ್ತೊಂಬತ್ತರ ಹುಡುಗ ಮನೆಯ ಯಜಮಾನರ ಭಾವನ ಕೈ ಹಿಡಿಯುವುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಭಟ್ಟರು ಒಲೆಯ ಬಳಿಯಿಂದ ನೋಡಿದರು, ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ.

ಗುಂಪಿನಲ್ಲಿ ಒಂಬತ್ತು ಜನ. ಇಬ್ಬರು ಅಸ್ಸಾಮಿನವರು, ಉಳಿದವರು ಎಣ್ಮಕಜೆ, ಮುಳ್ಳೇರಿಯ ಕಡೆಯವರು. 2023ರಿಂದ ಕೇರಳದಲ್ಲಿ ಆಹಾರ ಮುಟ್ಟುವ ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ. ಚರ್ಮ, ಕಣ್ಣು ನೋಡಿಸಿ, ಟೈಫಾಯಿಡ್ ಚುಚ್ಚುಮದ್ದು ಹಾಕಿಸಿಕೊಂಡು ಪಡೆಯುವ ಅದು ಒಂದು ವರ್ಷಕ್ಕೆ ಮಾತ್ರ. ಒಂಬತ್ತೂ ಕಾರ್ಡು ಇದ್ದವು, ನೋಡಿದೆ. ಆದರೆ ಕಾರ್ಡು ತೋರಿಸುವವರನ್ನು ನಾನು ಬೇರೆಡೆಯೂ ನೋಡಿದ್ದೇನೆ. ಪೇಟೆಯ ಒಂದು ಹೋಟೆಲಿನಲ್ಲಿ ಕೈ ತೊಳೆಯುವ ಏಳು ಹಂತದ ಚಿತ್ರಪಟ ಮಲಯಾಳದಲ್ಲಿ ಅಂಟಿಸಿತ್ತು, ಅದರ ಅಡಿಯಲ್ಲಿ ಪಾತ್ರೆ ತೊಳೆಯುವವ ಬಂಗಾಳದವ. ಓದಲಾಗದ ಭಾಷೆಯ ಫಲಕದ ಕಷ್ಟ ಕಾಸರಗೋಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಟ್ಟರಲ್ಲಿ ಫಲಕವೇ ಇಲ್ಲ. ನಲ್ಲಿ ಇರುವ ಡ್ರಮ್ಮು, ಬಲೆಚೀಲದಲ್ಲಿ ನೇತುಹಾಕಿದ ಸಾಬೂನು, ತುಳುವಿನಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಅವರ ಸ್ವರ.

ಒಕ್ಕಲಿನ ಬೆಳಗ್ಗೆ ನಾಲ್ಕು ಗಂಟೆಗೆ ನಡೆದದ್ದು ಮುಖ್ಯ. ತೆಂಗಿನಕಾಯಿ ತುರಿಯುತ್ತಿದ್ದವ ಎದ್ದು ಬಂದು, "ಭಟ್ರೇ, ಹೊಟ್ಟೆ ಸರಿ ಇಲ್ಲ, ಎರಡು ಸಲ ಹೋಗಿ ಬಂದೆ" ಎಂದ. ಮುನ್ನೂರು ಎಲೆಯ ಊಟ, ಒಬ್ಬ ಕಡಿಮೆ. ನಾನಾಗಿದ್ದರೆ ಮುಖ ಸಿಂಡರಿಸುತ್ತಿದ್ದೆ. ಭಟ್ಟರು ಅವನ ತುರಿಮಣೆ ತೊಳೆಸಿದರು, ತುರಿದ ಕಾಯಿಯನ್ನು ಬೇರೆ ತೆಗೆಸಿ ಬಿಸಾಡಿಸಿದರು, ಅವನನ್ನು ಪಾತ್ರೆ ತೊಳೆಯಲೂ ಬಿಡದೆ ಅಡಕೆ ತೋಟದ ಬದಿಯಲ್ಲಿ ಕಾರು ನಿಲ್ಲಿಸುವ ಉಸ್ತುವಾರಿಗೆ ಕಳಿಸಿದರು. ಸಂಜೆ ಸಂಬಳ ಪೂರ್ತಿ ಕೊಟ್ಟರು.

ಕೇಳಿದ್ದಕ್ಕೆ ಹೇಳಿದರು: "ಮೊದಲು ನಾನೂ ಅರ್ಧ ಸಂಬಳ ಕಡಿಯುತ್ತಿದ್ದೆ. ಆಮೇಲೆ ಮೂರು ವರ್ಷ ನನ್ನ ಒಬ್ಬನೇ ಒಬ್ಬ ಹುಡುಗನಿಗೂ ಹೊಟ್ಟೆನೋವು ಬರಲಿಲ್ಲ. ಆಗ ನನಗೆ ಹೆದರಿಕೆ ಆಯಿತು."

ಅವರು ಆ ಹೆದರಿಕೆಗೆ ಸೇರಿಸಿದ ಹೆಸರು ಚೆರುವತ್ತೂರು. 2022ರ ಮೇ ತಿಂಗಳ ಮೊದಲ ದಿನ ನಮ್ಮದೇ ಜಿಲ್ಲೆಯ ಆ ಊರಿನಲ್ಲಿ ಶವರ್ಮ ತಿಂದ ಹದಿನಾರರ ಹುಡುಗಿ ತೀರಿಕೊಂಡಳು. ಕಾಯಿಲೆ ಬಿದ್ದವರಲ್ಲಿ ಸಿಕ್ಕಿದ್ದು ಶಿಗೆಲ್ಲ ಎಂಬ ಭೇದಿಯ ರೋಗಾಣು. ಹೊಟ್ಟೆ ಕೆಟ್ಟವನ ಕೈಯಿಂದ ಅದು ದಾಟಲು ಹತ್ತಿಪ್ಪತ್ತು ರೋಗಾಣು ಇದ್ದರೂ ಸಾಕಾಗಬಹುದು. ನಮ್ಮ ಸಸ್ಯಾಹಾರದ ಪಂಕ್ತಿಗೆ ಅದರ ಭಯವಿಲ್ಲ ಎನ್ನುವವರಿಗೆ ಭಟ್ಟರು ಕಾಯಿತುರಿ ತೋರಿಸುತ್ತಾರೆ.

ಊಟದ ವಿಷಯ. ಅನಾನಸಿನ ಮೆಣಸ್ಕಾಯಿ ಅದ್ಭುತ, ಹಲಸಿನ ಹಣ್ಣಿನ ಪಾಯಸವನ್ನು ಪುರೋಹಿತರು ಮೂರು ಸಲ ಹಾಕಿಸಿಕೊಂಡರು. ಸಾರಿಗೆ ಉಪ್ಪು ಕಡಿಮೆ. ಹೋಳಿಗೆ ದಪ್ಪ. ಎರಡನೆಯ ಪಂಕ್ತಿ ಇಪ್ಪತ್ತು ನಿಮಿಷ ತಡ, ಯಾಕೆಂದರೆ ಕಾಯಿ ಅರೆದು ಮಜ್ಜಿಗೆ ಹಾಕಿ ಮಾಡುವ ಮೇಲಾರಕ್ಕೆ ಎರಡನೇ ಸಲ ಹೊಸದಾಗಿ ಅರೆದರು. ಎಲೆಗೆ ₹30 ಹೆಚ್ಚು, ಚೌಕಾಶಿಗೆ ಬಗ್ಗುವುದಿಲ್ಲ.

ಮೂರು ಗಂಟೆಯ ಮೇಲೆ ಉಳಿದ ಮೇಲಾರ, ತಂಬುಳಿ ಯಾರಿಗೂ ಕಟ್ಟಿಕೊಡಲಿಲ್ಲ. ಕೊಟ್ಟ ಪಾಯಸದ ಡಬ್ಬಿಗಳ ಮೇಲೆ ಮಾಡಿದ ಹೊತ್ತು, ಮುಗಿಸಬೇಕಾದ ಹೊತ್ತು ಎರಡನ್ನೂ ಬರೆದಿದ್ದರು. ಇದೂ ಕೇರಳದ ನಿಯಮವೇ. ಕಾಸರಗೋಡು ಪೇಟೆಯಿಂದ ಬಂದ ಅತ್ತಿಗೆಗೆ ಸಿಟ್ಟು ಬಂತು. "ದನಕ್ಕೆ ಹಾಕುತ್ತೀರಿ, ನನಗೆ ಕೊಡುವುದಿಲ್ಲವಾ?" ಎಂದಳು. ಭಟ್ಟರು ನಕ್ಕು ಅವಳಿಗೆ ಒಂದು ಕಟ್ಟು ಹೋಳಿಗೆ ಕೊಟ್ಟರು. ಅವಳ ಸಿಟ್ಟು ಇನ್ನೂ ಇಳಿದಿಲ್ಲ, ಅದು ನನ್ನ ಮನೆಯ ಪ್ರಾರಬ್ಧ.

ಒಕ್ಕಲು ಕಳೆದು ತಿಂಗಳು ದಾಟಿದ ಮೇಲೆ ಒಂದು ರಾತ್ರಿ ಫೋನು ಬಂತು. "ಮಾಷ್ಟ್ರೇ, ಊಟಕ್ಕೆ ಬಂದವರೆಲ್ಲ ಸೌಖ್ಯವಾ? ಕಣ್ಣು ಗಿಣ್ಣು ಹಳದಿ?" ಯಾರಿಗೂ ಏನೂ ಇಲ್ಲ ಎಂದೆ. ಬಾಕಿ ಹಣ ಅಂದೇ ಕೊಟ್ಟಾಗಿತ್ತು, ಬೇರೆ ಮಾತಿಲ್ಲದೆ ಫೋನಿಟ್ಟರು. ಮರುದಿನ ನಾನೇ ಕರೆದು ಮಗಳ ಮದುವೆಗೆ ದಿನ ಹಿಡಿದಿಟ್ಟೆ. ಸಾರಿನ ಉಪ್ಪು ಮಾತ್ರ ನಾನು ನೋಡುತ್ತೇನೆ ಎಂದೆ. "ನೋಡಿ, ಆದರೆ ಕೈ ತೊಳೆದು ಬನ್ನಿ" ಎಂದರು.