ಮಂಡಿಗೆ ಪಿಆರ್‌ಪಿ: ಸೂಜಿ ಪರವಾಗಿಲ್ಲ, ಮಾತೇ ಜಾಸ್ತಿ

ಮಂಡಿ ಸವೆತಕ್ಕೆ ಪಿಆರ್‌ಪಿ ಇಂಜೆಕ್ಷನ್ ಹಾಕಿಸಿಕೊಂಡೆ. ಪಿಆರ್‌ಪಿ ಅಂದರೆ ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಜಾಸ್ತಿ ಇರುವ ದ್ರವ. ಕ್ಲಿನಿಕ್ ಹೆಸರು ಬೇಡ ಬಿಡಿ. ಡಾಕ್ಟರ್ ಕೈಗೆ ನಾಲ್ಕು ಸ್ಟಾರ್, ಕೌಂಟರ್‌ನವರ ಬಾಯಿಗೆ ಒಂದೇ.

ತೋಳಿನಿಂದ ರಕ್ತ ತೆಗೆದು ಟ್ಯೂಬನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ಗಿರಗಿರ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಕೆಳಗೆ ಕಡುಕೆಂಪು, ಮೇಲೆ ತಿಳಿ ಹಳದಿ, ನಡುವೆ ಬಿಳಿ ದಾರದಂಥ ಪದರ. ಅದರ ಆಸುಪಾಸಿನಲ್ಲೇ ಪ್ಲೇಟ್‌ಲೆಟ್ ಜಾಸ್ತಿ. ಅದನ್ನು ಸಿರಿಂಜ್‌ಗೆ ಎಳೆದುಕೊಂಡು, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಕೀಲಿಗೆ ಹಾಕಿದರು. ನಮ್ಮದೇ ರಕ್ತ, ಅಲರ್ಜಿ ಭಯ ಕಮ್ಮಿ. ಆದರೆ ಆಮೇಲೆ ಮಂಡಿ ಊದಿಕೊಂಡು ಸಿಕ್ಕಾಪಟ್ಟೆ ನೋವು, ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ನುಂಗೋಣ ಅಂದರೆ ಅದು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರಬಹುದು ಅಂತ ಬೇಡ ಅಂದಿದ್ದರು. ಮೊದಲೇ ಹೇಳಿದ್ದು ಒಳ್ಳೆಯದೇ ಆಯಿತು.

ಈಗ ಮೆಟ್ಟಿಲು ಇಳಿಯುವಾಗ ನೋವು ಕಮ್ಮಿ. ಇಂಜೆಕ್ಷನ್‌ನಿಂದಲೋ, ಜೊತೆಗೆ ಮಾಡಿದ ತೊಡೆಯ ವ್ಯಾಯಾಮದಿಂದಲೋ, ಆಣೆ ಮಾಡಿ ಹೇಳಲಾರೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿದ್ದರು. ವರ್ಷ ಕಳೆದ ಮೇಲೆ ನೋಡಿದರೆ ನೋವಿನಲ್ಲೂ ಸವೆತದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಅದಕ್ಕೇ ಕೌಂಟರ್‌ನಲ್ಲಿ "ಹೊಸ ಕಾರ್ಟಿಲೇಜ್ ಬೆಳೆಯುತ್ತೆ ಸಾರ್" ಅಂದಾಗ ರೇಗಿತು. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆ ತುದಿಯ ನುಣುಪಾದ ಹೊದಿಕೆ, ಅದಕ್ಕೆ ರಕ್ತನಾಳವೇ ಇಲ್ಲ, ಹಾಗಾಗಿ ತಾನಾಗಿ ಸರಿಹೋಗೋದು ಕಷ್ಟ. ಅಷ್ಟು ಸುಲಭವಾಗಿ ಬೆಳೆಯೋದಾಗಿದ್ದರೆ ಮಂಡಿ ಬದಲಾಯಿಸುವ ಆಪರೇಷನ್ ಯಾಕೆ ಬೇಕಿತ್ತು? ಅದರ ಹಿಂದೆಯೇ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಪ್ಯಾಕೇಜಿನ ಚೀಟಿ ಬಂತು: ಮಂಡಿ, ಬೆನ್ನು, ಸಕ್ಕರೆ ಕಾಯಿಲೆ, ಮರೆವು, ಎಲ್ಲಕ್ಕೂ ಒಂದೇ ಮದ್ದಂತೆ!

ಸ್ಟೆಮ್ ಸೆಲ್ ಅನ್ನೋದೇ ಬುರುಡೆ ಅಂತ ನಾನು ಹೇಳುತ್ತಿಲ್ಲ. ರಕ್ತದ ಕ್ಯಾನ್ಸರ್ ಬಂದವರಿಗೆ ರಕ್ತದ ಸ್ಟೆಮ್ ಸೆಲ್ ಇರುವ ಅಸ್ಥಿಮಜ್ಜೆಯ ಕಸಿ ದಶಕಗಳಿಂದ ಜೀವ ಉಳಿಸುತ್ತಿದೆ. ಸುಟ್ಟ ಕಾರ್ನಿಯಾಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ರೋಗಿಯದೇ ಜೀವಕೋಶ ಬೆಳೆಸಿ ಹಾಕುವ ಚಿಕಿತ್ಸೆಗೆ 2015ರಲ್ಲಿ ಯುರೋಪ್ ಒಪ್ಪಿಗೆಯನ್ನೂ ಕೊಟ್ಟಿದೆ. ಅಲ್ಲೆಲ್ಲ ಯಾವ ಕೋಶ, ಯಾವ ಕಾಯಿಲೆಗೆ ಅಂತ ಖಚಿತವಾಗಿ ಗೊತ್ತು. ಅದು ಬಿಟ್ಟು ಸುಮ್ನೆ ಚುಚ್ಚಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಫ್ಲಾರಿಡಾದ ಪ್ರಕರಣ ಇದೆ. ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಹಾಕಿಸಿಕೊಂಡ ಮೂವರು ಮಹಿಳೆಯರ ದೃಷ್ಟಿಯೇ ಹೋಯಿತು ಅಂತ 2017ರಲ್ಲಿ ವರದಿಯಾಗಿತ್ತು.

ನೀವು ಹೋಗೋದಾದರೆ ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: ಇಂಜೆಕ್ಷನ್‌ನಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ? ಒಬ್ಬೊಬ್ಬರ ಕಿಟ್ ಒಂದೊಂದು ಥರ, ತಯಾರಾಗುವ ಸರಕೂ ಬೇರೆ ಬೇರೆ, ಅಲ್ವಾ. ನಾನು ಕೇಳಿದೆ. ಅವರು ಎಣಿಸಿಯೇ ಇರಲಿಲ್ಲ.