ಮಡಿಕೇರಿಯ ಒಂದು ಮಹಿಳಾ ಪಿ.ಜಿ.: 14 ತಿಂಗಳು ಇದ್ದವಳ ಅಭಿಪ್ರಾಯ

ಮಡಿಕೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿರುವ ಈ ಪಿ.ಜಿ.ಯಲ್ಲಿ ನಾನು 14 ತಿಂಗಳಿಂದ ಇದ್ದೇನೆ. ನಾನು ಎಲ್ಲಿದ್ದೇನೆಂಬುದು ಕೆಲವರಿಗೆ ತಿಳಿಯಬಾರದಾದ್ದರಿಂದ ಮನೆಯ ಹೆಸರನ್ನಾಗಲಿ ಬೀದಿಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳು ಪಿ.ಜಿ. ಹುಡುಕುವಾಗ ಹಾಸಿಗೆ, ಬಾಡಿಗೆಗಳಿಗಿಂತ ಮೊದಲು ನೋಡಬೇಕಾದದ್ದು ಏನೆಂಬುದು ನನಗೆ ಈ ಮನೆಗೆ ಬಂದ ಮೇಲೆ ತಿಳಿಯಿತು. ಅದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ಮೂವರಿಗೆ ಒಂದು ಕೋಣೆ; ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿ ತಿಂಗಳಿಗೆ 6,500 ರೂಪಾಯಿ. ಮುಂಗಡ ಒಂದೇ ತಿಂಗಳದ್ದು, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಬಂದವರಿಗೆ ಇದು ದೊಡ್ಡ ಅನುಕೂಲ. ಅಡುಗೆ ಸರಳವಾಗಿದ್ದರೂ ಬಿಸಿಯಾಗಿರುತ್ತದೆ, ಭಾನುವಾರ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಮಾಡುತ್ತಾರೆ. ಮಳೆಗಾಲದಲ್ಲಿ ಹಿಂಬದಿಯ ಎರಡು ಕೋಣೆಗಳ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹೇಳಿದರೂ ಇನ್ನೂ ಸರಿಪಡಿಸಿಲ್ಲ.

ಸೇರುವಾಗ ತುಂಬಿಸುವ ಅರ್ಜಿಯಲ್ಲಿ ‘ತಂದೆ ಅಥವಾ ಗಂಡನ ಮೊಬೈಲ್ ಸಂಖ್ಯೆ’ ಎಂಬ ಸಾಲೊಂದಿತ್ತು. ಇದಕ್ಕೆ ಮೊದಲು ಬೇರೊಂದು ಊರಿನ ಹಾಸ್ಟೆಲ್ಲಿನಲ್ಲಿ ಅದೇ ಸಾಲನ್ನು ತುಂಬಿ ಕೊಟ್ಟಿದ್ದೆ. ಅಲ್ಲಿನ ಮೇಲ್ವಿಚಾರಕರು ‘ನಿಮ್ಮ ಮನೆಯವರು ನಮ್ಮಲ್ಲಿದ್ದಾರೆ, ಬಂದು ಕರೆದುಕೊಂಡು ಹೋಗಿ’ ಎಂದು ನನ್ನ ಗಂಡನಿಗೇ ಫೋನು ಮಾಡಿದರು. ಒಳ್ಳೆಯದು ಮಾಡುತ್ತಿದ್ದೇನೆಂದೇ ಆ ಮೇಲ್ವಿಚಾರಕರು ನಂಬಿದ್ದಿರಬೇಕು, ಆದರೆ ಆ ರಾತ್ರಿ ಏನಾಯಿತೆಂಬುದನ್ನು ಇಲ್ಲಿ ಬರೆಯಲಾರೆ. ಹಾಗಾಗಿ ಮಡಿಕೇರಿಯ ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೆ. ಮನೆಯೊಡತಿ ಅರ್ಜಿಯನ್ನೂ ನನ್ನ ಮುಖವನ್ನೂ ನೋಡಿ, ‘ಅಕ್ಕನೋ ತಂಗಿಯೋ ಇದ್ದರೆ ಅವರ ನಂಬರ್ ಬರಿಯಮ್ಮ, ಸಾಕು’ ಎಂದರು.

ಜೊತೆಯಲ್ಲಿದ್ದವರಿಗೆ ಆರು ವಾರ ಸುಳ್ಳು ಹೇಳಿದೆ. ಗಂಡ ದುಬೈನಲ್ಲಿದ್ದಾರೆಂದು ನಂಬಿಸಿದ್ದೆ. ಜುಲೈ ತಿಂಗಳ ಒಂದು ಸಂಜೆ ಕರೆಂಟ್ ಹೋಗಿತ್ತು. ಒಣಗದ ಬಟ್ಟೆಗಳನ್ನೆಲ್ಲ ಬಚ್ಚಲ ಹಂಡೆಯೊಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹರವಿ ಮೂವರೂ ಬೆಂಕಿಯ ಮುಂದೆ ಕುಳಿತಿದ್ದೆವು. ಒದ್ದೆ ಸೌದೆ ಹೊಗೆಯಾಡುತ್ತಿದ್ದರಿಂದ ಎಲ್ಲರ ಕಣ್ಣಲ್ಲೂ ನೀರಿತ್ತು, ನನ್ನ ಕಣ್ಣೀರನ್ನು ಯಾರೂ ವಿಚಾರಿಸುವಂತಿರಲಿಲ್ಲ. ಬಹುಶಃ ಆ ಧೈರ್ಯದಿಂದಲೇ ಹೇಳಿಬಿಟ್ಟೆ. ‘ಇಷ್ಟು ವರ್ಷ ಯಾಕೆ ಸಹಿಸಿದೆ’ ಎಂದು ಇಬ್ಬರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು ಮಗ್ಗುಲು ಬದಲಿಸಿದ ಸೌದೆಯನ್ನು ಒಳಕ್ಕೆ ತಳ್ಳಿ, ‘ಪೆಟ್ಟುಗಳಿಗೆ ಚಿಕಿತ್ಸೆ ಪಡೆದ ಚೀಟಿಗಳಿದ್ದರೆ ಒಂದನ್ನೂ ಬಿಸಾಡಬೇಡಿ’ ಎಂದರು. ವಕೀಲರೊಬ್ಬರ ಬಳಿ ಜೂನಿಯರ್ ಆಗಿರುವ ಚಿಕ್ಕವಳು, ‘ಅಕ್ಕಾ, ಆಧಾರ್ ಕಾರ್ಡು, ಮದುವೆ ಸರ್ಟಿಫಿಕೇಟು ಎಲ್ಲಿವೆ?’ ಎಂದಳು. ಕನಿಕರದ ಮಾತಿಗಿಂತ ಆ ಪ್ರಶ್ನೆಯೇ ನನಗೆ ನೆಲೆ ಕೊಟ್ಟಿತು.

ಗಂಡನ ಊರಿಗೇ ಹೋಗಿ ದಾವೆ ಹೂಡಬೇಕೆಂದು ನಾನು ಹೆದರಿಕೊಂಡಿದ್ದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 27ನೆಯ ಕಲಮಿನ ಪ್ರಕಾರ, ನೊಂದವಳು ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದೆಂದು ಆ ಚಿಕ್ಕವಳೇ ವಿವರಿಸಿದಳು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳೂ ಆಗಿರುವುದರಿಂದ, ನಡೆದ ಹಿಂಸೆಯ ವರದಿಯನ್ನು ಅವರಲ್ಲಿ ಬರೆಸಲು ರಜೆ ಹಾಕಿ ನನ್ನ ಜೊತೆ ಬಂದಳು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆಂಬುದೂ, ಹಗಲು ರಾತ್ರಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದೆಂಬುದೂ ನನಗೆ ಗೊತ್ತಾದದ್ದು ಆ ಒಲೆಯ ಮುಂದೆಯೇ. ಗಂಡ ನನಗೆ ಫೋನು ಮಾಡದಂತೆ, ನನ್ನ ಕಚೇರಿಯ ಬಳಿ ಬರದಂತೆ ತಡೆಯುವ ರಕ್ಷಣಾ ಆದೇಶ ಈಗ ನನ್ನ ಕೈಯಲ್ಲಿದೆ. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಆದೇಶ ಬರುವುದಕ್ಕೆ ಮೊದಲು ಒಂದು ಮಧ್ಯಾಹ್ನ ಗಂಡನ ಕಡೆಯ ಇಬ್ಬರು ಗೇಟಿನ ಬಳಿ ಬಂದು ನನ್ನ ಹೆಸರು ಹಿಡಿದು ವಿಚಾರಿಸಿದರಂತೆ. ನನ್ನ ಒಪ್ಪಿಗೆ ಕೇಳಿಯೇ ಚಿಕ್ಕವಳು ಮನೆಯೊಡತಿಗೆ ವಿಷಯ ತಿಳಿಸಿದ್ದಳು. ಅವರು ಕೊಡೆಯನ್ನೂ ಹಿಡಿಯದೆ ಗೇಟಿನವರೆಗೆ ನಡೆದು, ‘ಇಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಯಾರಿಗೂ ಹೇಳುವ ಪದ್ಧತಿ ನಮ್ಮಲ್ಲಿಲ್ಲ’ ಎಂದು ಚಿಲಕ ಹಾಕಿ ಒಳಗೆ ಬಂದರಂತೆ. ಸಂಜೆ ನಾನು ಬಂದಾಗ ಅವರ ಒದ್ದೆ ಸೆರಗು ಹಂಡೆಯೊಲೆಯ ಹಗ್ಗದ ಮೇಲೆ ಒಣಗುತ್ತಿತ್ತು.

ಪಿ.ಜಿ. ನೋಡಲು ಹೋದಾಗ ಮೊದಲು ಅರ್ಜಿಯನ್ನು ಓದಿ, ಆಮೇಲೆ ಹೊರಗಿನವರು ಬಂದು ಕೇಳಿದರೆ ಏನು ಹೇಳುತ್ತೀರೆಂದು ನೇರವಾಗಿಯೇ ವಿಚಾರಿಸಿ. ಇಲ್ಲಿನ ಅರ್ಜಿಯಲ್ಲಿ ಆ ಸಾಲನ್ನು ತೆಗೆದು, ಕಳೆದ ತಿಂಗಳಿಂದ ‘ತುರ್ತಿಗೆ ನೀವು ನಂಬುವ ಒಬ್ಬರ ಸಂಖ್ಯೆ’ ಎಂದು ಅಚ್ಚು ಹಾಕಿಸಿದ್ದಾರೆ.